ವೃತ್ತದ ಹೊರಗೆ ಎರಡು ಚುಕ್ಕೆ

ಮೊದಲು ಅವನಿಗೆ ಅನ್ನಿಸಿದ್ದು ಪರದೆಗೆ ಏನೋ ಕೊಳೆ ಹತ್ತಿದೆ ಎಂದು. ಹಳೆಯ ಪರದೆ, ಸುತ್ತಿ ಬಿಚ್ಚಿ ಅಲ್ಲಲ್ಲಿ ಗೆರೆ ಬಿದ್ದಿತ್ತು. ಹೋದ ವರ್ಷ ಯಾರೋ ಅದರ ಮೂಲೆಗೆ ಶಾಯಿ ಸಿಡಿಸಿದ್ದರು. ಹಾಗಾಗಿ ಎರಡು ಕೆಂಪು ಚುಕ್ಕೆಗಳು, ಒಂದು ಮೇಲೆ, ಇನ್ನೊಂದು ನೇರ ಅದರ ಕೆಳಗೆ, ಇರಬಾರದ ಜಾಗದಲ್ಲಿ ಕಂಡಾಗ ಅವನು ಪಾಠ ಹೇಳುತ್ತಲೇ ನಡೆದುಹೋಗಿ ಮೇಲಿನ ಚುಕ್ಕೆಯನ್ನು ಹೆಬ್ಬೆರಳಿನಿಂದ ಉಜ್ಜಿದ. ಅಳಿಸಿಹೋಗಲಿಲ್ಲ. ಅವನ ಉಗುರಿನ ಮೇಲೆ ಬಂದು ಕೂತಿತು. ಕೈ ತೆಗೆದರೆ ಮತ್ತೆ ಪರದೆಗೆ ಹೋಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಬಾಯಲ್ಲಿದ್ದ ವಾಕ್ಯ ಅರ್ಧಕ್ಕೇ ನಿಂತು, ಅದರ ಉಳಿದರ್ಧ ಏನಿತ್ತು ಎಂಬುದೇ ಮರೆತುಹೋಗಿ, ಅವನು ಪರದೆಯಿಂದ ಒಂದಡಿ ದೂರದಲ್ಲಿ, ಪ್ರೊಜೆಕ್ಟರಿನ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದಂತೆ, ತನ್ನದೇ ನೆರಳಿನೊಳಗೆ ನಿಂತುಬಿಟ್ಟ.

ಹದಿಮೂರು ವರ್ಷದಿಂದ ಇದೇ ಪಾಠ, ಇದೇ ಕೋಣೆ. ಅಂಕಿಗಳ ಚೌಕಾಕಾರದ ಕೋಷ್ಟಕಕ್ಕೆ ಮ್ಯಾಟ್ರಿಕ್ಸ್ ಎಂದು ಹೆಸರು. ಅಂಥ ಪ್ರತಿಯೊಂದರ ಹೊಟ್ಟೆಯಲ್ಲೂ ಕೆಲವು ಸಂಖ್ಯೆಗಳು ಅಡಗಿರುತ್ತವೆ, ಐಗನ್ ಮೌಲ್ಯಗಳು. ಸೇತುವೆ ಗಾಳಿಗೆ ಹೇಗೆ ತೂಗುತ್ತದೆ, ಯಂತ್ರ ಯಾವ ವೇಗಕ್ಕೆ ನಡುಗುತ್ತದೆ ಎಲ್ಲವನ್ನೂ ಅವೇ ಹೇಳುವುದು. ಅವನ್ನು ಹೊರಗೆ ತೆಗೆಯುವುದು ಹೆಣಗಾಟದ ಕೆಲಸ. ಆದರೆ ತೆಗೆಯದೆಯೇ, ಬರೀ ಕೂಡಿಸಲು ಬಂದರೆ ಸಾಕು, ಅವು ಎಲ್ಲಿಂದಾಚೆಗೆ ಹೋಗಲಾರವು ಎಂದು ಹೇಳಿಬಿಡಬಹುದು. ಇದನ್ನು ಹೇಳಿಕೊಡಲು ಅವನ ಬಳಿ ಒಂದು ಹಸು ಇತ್ತು. "ಕತ್ತಲೆ. ಹಸು ಎಲ್ಲಿದೆಯೋ ಕಾಣಿಸಲ್ಲ. ಆದ್ರೆ ಗೂಟ ಎಲ್ಲಿದೆ ಗೊತ್ತು, ಹಗ್ಗ ಎಷ್ಟುದ್ದ ಗೊತ್ತು. ಹಾಗಾದ್ರೆ ಹಸು ಎಲ್ಲಿರ್ಬೇಕು?" ಎಂದು ಕೇಳಿದರೆ ಅರವತ್ತು ಬಾಯಿಗಳು ಒಟ್ಟಿಗೆ "ವೃತ್ತದೊಳಗೆ!" ಎನ್ನಬೇಕು. ಪ್ರತಿ ಸಾಲಿನಲ್ಲೂ, ಮೂಲೆಯಿಂದ ಮೂಲೆಗೆ ಓರೆಯಾಗಿ ಹಾಯುವ ಕರ್ಣದ ಮೇಲಿರುವ ಸಂಖ್ಯೆ ಗೂಟ. ಆ ಸಾಲಿನ ಮಿಕ್ಕ ಸಂಖ್ಯೆಗಳ ಪ್ಲಸ್ಸು ಮೈನಸ್ಸು ಕಿತ್ತುಹಾಕಿ ಕೂಡಿಸಿದರೆ ಹಗ್ಗ. ಗೂಟಕ್ಕೊಂದು ವೃತ್ತ ಎಳೆಯಿರಿ, ಐಗನ್ ಮೌಲ್ಯ ಯಾವುದೋ ಒಂದು ವೃತ್ತದೊಳಗೆ ಇದ್ದೇ ಇರುತ್ತದೆ. ಇದು ಅಂದಾಜಲ್ಲ, ಸಾಧಿಸಿದ ಪ್ರಮೇಯ. ಇದಕ್ಕೆಂದೇ ಅವನು ಒಂದು ಬೇಸಿಗೆ ರಜೆಯಲ್ಲಿ ಕೂತು ಅರವತ್ತೇಳು ಸಾಲಿನ ಪುಟ್ಟ ಪ್ರೋಗ್ರಾಂ ಬರೆದಿದ್ದ: ಅಂಕಿ ತುಂಬಿದರೆ ನೀಲಿ ವೃತ್ತಗಳು ಮೂಡುತ್ತವೆ, ಗುಂಡಿ ಒತ್ತಿದರೆ ಕೆಂಪು ಚುಕ್ಕೆಗಳು ಬಂದು ಒಳಗೆ ಕೂರುತ್ತವೆ. ಮೊದಲ ವರ್ಷ ಪ್ರಾಂಶುಪಾಲರು ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಭೇಷ್ ಅಂದಿದ್ದರು. ಹುಡುಗರು ಗೂಟದ ಮೇಷ್ಟ್ರು ಎಂದು ಹೆಸರಿಟ್ಟರು. ಅದು ಕಿವಿಗೆ ಬಿದ್ದ ದಿನ ಮುಖ ಗಂಟಿಕ್ಕಿಕೊಂಡಿದ್ದನಾದರೂ ಮನೆಗೆ ಹೋಗಿ ಹೆಂಡತಿಗೆ ಹೇಳಿ ನಕ್ಕಿದ್ದ. ಹೆಸರಿಲ್ಲದ ಮೇಷ್ಟ್ರುಗಳಿಗಿಂತ ಇದು ವಾಸಿ.

ಇವತ್ತು ಅವನು ಎಂದಿನ ಉದಾಹರಣೆ ಮುಗಿಸಿ, ಯಾಕೋ ಹುರುಪಿನಲ್ಲಿ, "ನೀವೇ ಒಂದು ಕೊಡಿ ನೋಡೋಣ" ಎಂದಿದ್ದ. ಎರಡನೇ ಬೆಂಚಿನಲ್ಲಿ ಎಡಗೈಗೆ ಪಟ್ಟಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದ ಹುಡುಗಿ ಎದ್ದು, "ಕರ್ಣಕ್ಕೆಲ್ಲಾ ಎರಡು ಹಾಕಿ ಸರ್. ಉಳಿದಿದ್ದಕ್ಕೆ ಪ್ರತಿ ಸಾಲಲ್ಲೂ ಒಂದು ಮೂರು, ಒಂದು ಮೈನಸ್ ಮೂರು, ತಿರುಗಿಸಿ ತಿರುಗಿಸಿ" ಎಂದು ಹೇಳಿ ಹೇಳಿ ತುಂಬಿಸಿದ್ದಳು. ಗುಂಡಿ ಒತ್ತಿದ. ನೀಲಿ ವೃತ್ತಗಳೇ ಮೂಡಲಿಲ್ಲ. ಎರಡರ ಮೇಲೆ ಸೂಜಿಮೊನೆಯಷ್ಟು ನೀಲಿ, ಅಷ್ಟೆ. ಅದರ ಮೇಲೊಂದು ಕೆಂಪು ಚುಕ್ಕೆ ಸರಿಯಾಗಿ ಕೂತಿತ್ತು. ಇನ್ನೆರಡು ಮಾತ್ರ ಎಲ್ಲೋ ಮೇಲೆ, ಎಲ್ಲೋ ಕೆಳಗೆ, ಯಾವ ವೃತ್ತಕ್ಕೂ ಸೇರದೆ ನಿಂತಿದ್ದವು.

"ಸರ್, ಹಸು ಹಗ್ಗ ಕಿತ್ಕೊಂಡು ಹೋಯ್ತು!"

ಇಡೀ ತರಗತಿ ಹೋ ಎಂದು ನಕ್ಕಿತು. ಅವನೂ ನಗಬಹುದಿತ್ತು. ನಕ್ಕು, ಅರೆ ಇದೇನಿದು, ಬನ್ನಿ ಕೈಯಲ್ಲಿ ಲೆಕ್ಕ ಮಾಡಿ ನೋಡೋಣ ಎಂದಿದ್ದರೆ ಮುಗಿದುಹೋಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವನು ಅದನ್ನು ಯೋಚಿಸಲಿದ್ದ. ಆದರೆ ಆ ಗಳಿಗೆಯಲ್ಲಿ ಪ್ರಮೇಯವೇ ಸುಳ್ಳಾಯಿತೇನೋ ಎಂಬ ಹುಚ್ಚು ದಿಗಿಲು ಹಾಯ್ದು, ಅದು ಸಾಧ್ಯವಿಲ್ಲ ಎಂದು ಗೊತ್ತಾದ ಮರುಕ್ಷಣವೇ ಹಾಗಾದರೆ ತಪ್ಪಿರುವುದು ಯಾರದು ಎಂಬುದೂ ಗೊತ್ತಾಗಿ, ಬಾಯಿ ತಾನಾಗಿ ಹೇಳಿತು: "ಇದು ಕಂಪ್ಯೂಟರಿನ ಅಂದಾಜಿನ ದೋಷ. ದಶಾಂಶ ಬಿಟ್ಟುಬಿಡುತ್ತಲ್ಲ, ಅದರಿಂದ ಹೀಗಾಗುತ್ತೆ."

ಪಟ್ಟಿಯ ಹುಡುಗಿ ಇನ್ನೂ ನಿಂತೇ ಇದ್ದಳು. ಅವಳು ನಕ್ಕಿರಲಿಲ್ಲ. "ಐದು ದೂರ ಇದೆಯಲ್ಲ ಸರ್. ಅಷ್ಟು ದೊಡ್ಡ ದೋಷ ಬರುತ್ತಾ?" ಎಂದು ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು.

"ಮೊದಲು ಪುಸ್ತಕ ಓದೋದು ಕಲೀರಿ. ಆಮೇಲೆ ತಪ್ಪು ಹುಡುಕೋರಂತೆ."

ಹುಡುಗಿ ಕೂತಳು. ನಗು ನಿಂತಿತು. ಗಂಟೆಗೆ ಇನ್ನೂ ಹತ್ತು ನಿಮಿಷವಿರುವಾಗಲೇ ಅವನು ವೈರು ಕಿತ್ತು ಲ್ಯಾಪ್‌ಟಾಪು ಮುಚ್ಚಿದ. ಮೆಟ್ಟಿಲಿಳಿಯುವಾಗ ಕಾಡಿದ್ದು ಚುಕ್ಕೆಗಳಲ್ಲ, ಆ ಮಾತು. ಅದನ್ನು ಮೊದಲೂ ಆಡಿದ್ದ, ಇದೇ ಪದಗಳಲ್ಲಿ, ಇದೇ ಏರಿಳಿತದಲ್ಲಿ. ಎಲ್ಲಿ, ಯಾರಿಗೆ ಎಂದು ನೆನಪಾಗಲಿಲ್ಲ. ಯಾರೋ ತನ್ನ ಗಂಟಲಲ್ಲಿ ಹಳೆಯ ಧ್ವನಿಮುದ್ರಣ ಇಟ್ಟುಹೋದಂತೆ.

ಅಧ್ಯಾಪಕರ ಕೋಣೆಯಲ್ಲಿ ಸಂಖ್ಯಾಶಾಸ್ತ್ರದವರು ಒಬ್ಬರೇ, ಕನ್ನಡಕ ಹಣೆಗೇರಿಸಿ ಪತ್ರಿಕೆ ಓದುತ್ತ ಕೂತಿದ್ದರು. ಅವನು ಗೋಡೆಗೆ ಬೆನ್ನು ಮಾಡಿ, ತನ್ನ ತೆರೆ ಯಾರಿಗೂ ಕಾಣದಂತೆ ತಿರುಗಿಸಿಕೊಂಡು, ಹದಿಮೂರು ವರ್ಷದಿಂದ ತೆರೆಯದ ಫೈಲನ್ನು ತೆರೆದ. ಅರವತ್ತೇಳು ಸಾಲು. ಹುಡುಕಬೇಕಾಗಿಯೇ ಬರಲಿಲ್ಲ. ಮೂವತ್ತೊಂದನೆಯ ಸಾಲು, ಹಲ್ಲಿನ ಸಂದಿಗೆ ಸಿಕ್ಕಿದ್ದು ನಾಲಗೆಗೆ ತಾನಾಗಿ ತಾಕುವ ಹಾಗೆ, ಕಣ್ಣಿಗೆ ತಾಕಿತು. ಸಾಲಿನ ಸಂಖ್ಯೆಗಳನ್ನು ಮೊದಲು ಕೂಡಿಸಿದ್ದ, ಬಂದ ಮೊತ್ತದ ಚಿಹ್ನೆಯನ್ನು ಆಮೇಲೆ ತೆಗೆದಿದ್ದ. ಒಂದೊಂದರ ಚಿಹ್ನೆಯನ್ನೂ ಮೊದಲು ತೆಗೆದು ಆಮೇಲೆ ಕೂಡಿಸಬೇಕಿತ್ತು. ಹಿಂದೆ ಮುಂದೆ. ಅಷ್ಟೇ ವ್ಯತ್ಯಾಸ. ಮೂರು ಹೆಜ್ಜೆ ಮುಂದೆ ಹೋಗಿ ಮೂರು ಹೆಜ್ಜೆ ಹಿಂದೆ ಬಂದವನು ಆರು ಹೆಜ್ಜೆ ನಡೆದಿದ್ದಾನೆ. ಪ್ರೋಗ್ರಾಂ ಮಾತ್ರ ಅವನು ಕದಲಿಯೇ ಇಲ್ಲ ಎನ್ನುತ್ತಿತ್ತು. ಮೂರು, ಮೈನಸ್ ಮೂರು, ಸೊನ್ನೆ. ಹಗ್ಗವೇ ಇಲ್ಲ. ಬಾಯಲ್ಲಿ ವರ್ಷವರ್ಷವೂ ಸರಿಯಾಗಿ ಹೇಳುತ್ತ ಬಂದಿದ್ದ, ಚಿಹ್ನೆ ಕಿತ್ತು ಕೂಡಿಸಿ ಎಂದು. ಕೈ ಬೇರೆಯದನ್ನೇ ಬರೆದಿತ್ತು. ಹೊಸಬರಿಗೆ ಗೊಂದಲ ಬೇಡವೆಂದು ತನ್ನ ಉದಾಹರಣೆಗಳಲ್ಲೆಲ್ಲ ಪ್ಲಸ್ ಸಂಖ್ಯೆಗಳನ್ನೇ ಇಟ್ಟುಕೊಂಡಿದ್ದರಿಂದ ತಪ್ಪು ಹದಿಮೂರು ವರ್ಷ ಬೆಳಕಿಗೆ ಬರದೆ ಹಾಯಾಗಿ ಮಲಗಿತ್ತು. ಹದಿಮೂರು ಅರವತ್ತಲೆ ಎಷ್ಟು ಎಂದು ಗುಣಿಸಿಕೊಂಡ, ಏಳುನೂರ ಎಂಬತ್ತು. ಕಿವಿಯೊಳಗೆ ಸಣ್ಣಗೆ ಶಿಳ್ಳೆ ಹೊಡೆದಂತೆ ಶುರುವಾಯಿತು.

"ಏನ್ರೀ, ಮುಖ ಬಿಳಿಚಿಕೊಂಡಿದೆ?" ಸಂಖ್ಯಾಶಾಸ್ತ್ರದವರು ಪತ್ರಿಕೆಯ ಮೇಲಿಂದ ನೋಡಿದರು.

ಹೇಳಿಬಿಟ್ಟ. ಅವರು ಎದ್ದು ಬಂದು, ಬಗ್ಗಿ ಆ ಸಾಲನ್ನು ನೋಡಿ, ಹ್ಹೆ ಹ್ಹೆ ಎಂದು ನಕ್ಕರು. "ಇಷ್ಟೇನಾ? ಸರಿ ಮಾಡಿ ಮುಚ್ಚಿಬಿಡಿ. ನೀವಾಗಿ ಬಾಯಿ ಬಿಡದಿದ್ರೆ ಯಾರಿಗ್ರೀ ಗೊತ್ತಾಗುತ್ತೆ?" ಆ ನಗು ಕೇಳಿದ್ದೇ ಏನೋ ಒಂದು, ಇದೇ ಕೋಣೆಯದು, ಚಹಾದ ಲೋಟಗಳ ಸದ್ದಿನ ಜೊತೆ, ಮೇಲೆ ಬರಲು ನೋಡಿ ಮತ್ತೆ ಮುಳುಗಿತು.

ಮಧ್ಯಾಹ್ನ ಅದೇ ತರಗತಿಗೆ ಪ್ರಾಕ್ಟಿಕಲ್ ಇತ್ತು. ಲ್ಯಾಬಿನ ನಲವತ್ತು ಯಂತ್ರಗಳಲ್ಲೂ ಇದೇ ಪ್ರೋಗ್ರಾಂ. ಹುಡುಗರು ಬರುವ ಮೊದಲು ನಲವತ್ತನ್ನೂ ಸರಿ ಮಾಡಿಬಿಟ್ಟರೆ ಪಟ್ಟಿಯ ಹುಡುಗಿ ಅಲ್ಲಿ ಅದೇ ಅಂಕಿ ತುಂಬಿದರೂ ಚುಕ್ಕೆಗಳು ಒಳಗೇ ಇರುತ್ತವೆ. ಕಂಪ್ಯೂಟರಿನ ದೋಷ ಎಂದದ್ದು ನಿಜವೇ ಆಗಿಬಿಡುತ್ತದೆ. ಈ ಲೆಕ್ಕಾಚಾರ ತಲೆಯಲ್ಲಿ ಎಷ್ಟು ಸಲೀಸಾಗಿ ನಡೆಯಿತೆಂದರೆ, ಅವನು ಲ್ಯಾಬಿನ ಬಾಗಿಲು ತಳ್ಳುವಾಗ ತನ್ನ ಚುರುಕುತನದ ಬಗ್ಗೆ ಸಮಾಧಾನವನ್ನೇ ಪಟ್ಟುಕೊಳ್ಳುತ್ತಿದ್ದ. ಒಳಗೆ ಕಿಟಕಿಗಳೆಲ್ಲ ಮುಚ್ಚಿ ತಣ್ಣಗಿತ್ತು. ಮೂಲೆಯ ಮೇಜಿನ ಹಿಂದೆ ಲ್ಯಾಬ್ ಸಹಾಯಕಿ ಒಂದು ಕೀಬೋರ್ಡು ಬಿಚ್ಚಿಟ್ಟುಕೊಂಡು, ಕೀಲಿಗಳನ್ನು ಸಾಲಾಗಿ ಜೋಡಿಸಿ, ಸಣ್ಣ ಕುಂಚದಿಂದ ಧೂಳು ತೆಗೆಯುತ್ತಿದ್ದಳು. ದಿನಾ ಬೆಳಗ್ಗೆ ಅವನ ತರಗತಿಗೆ ಬಂದು ಪ್ರೊಜೆಕ್ಟರಿನ ಬೀಗ ತೆಗೆದು "ಸರ್, ಹಾಕ್ಲಾ?" ಎಂದು ಕೇಳಿ, ಅವನು ತಲೆಯಾಡಿಸಿದ ಮೇಲೆ ಹಾಕಿ ಹೋಗುವವಳು ಈಕೆಯೇ. ಈಗಲೂ ಎದ್ದು ನಿಂತಳು. ಕೂತ್ಕೊಳ್ಳಿ ಎಂದು ಕೈಯಲ್ಲೇ ಹೇಳಿ ಅವನು ಮೊದಲನೆಯ ಯಂತ್ರಕ್ಕೆ ಕೂತು, ತಪ್ಪನ್ನು ಇನ್ನೊಮ್ಮೆ ಕಣ್ಣಾರೆ ನೋಡಿಬಿಡೋಣವೆಂದು ಅದೇ ಅಂಕಿಗಳನ್ನು ತುಂಬಿ ಗುಂಡಿ ಒತ್ತಿದ.

ದೊಡ್ಡದೊಂದು ನೀಲಿ ವೃತ್ತ ಮೂಡಿತು. ಗೂಟ ಎರಡು, ಹಗ್ಗ ಆರು. ಮೂರು ಕೆಂಪು ಚುಕ್ಕೆಗಳೂ ಒಳಗೆ, ತಮ್ಮ ಜಾಗದಲ್ಲಿ.

ಪಕ್ಕದ ಯಂತ್ರದಲ್ಲಿ ನೋಡಿದ. ಒಳಗೆ. ಅದರಾಚೆಯದರಲ್ಲಿ ನೋಡಿದ. ಎರಡು ಸಲ ತಪ್ಪು ಕೀಲಿ ಒತ್ತಿದ. ಅಲ್ಲೂ ಒಳಗೆ. ಫೈಲು ತೆರೆದು ಮೂವತ್ತೊಂದನೆಯ ಸಾಲಿಗೆ ಬಂದರೆ, ಅಲ್ಲಿ ಅವನ ಸಾಲು ಇರಲಿಲ್ಲ. ಅದರ ಜಾಗದಲ್ಲಿ ಸರಿಯಾದದ್ದಿತ್ತು. ಅದರ ಮುಂದೆ, ಯಂತ್ರ ಓದದ, ಮನುಷ್ಯರಿಗಷ್ಟೇ ಎಂದು ಬರೆಯುವ ಟಿಪ್ಪಣಿಯಲ್ಲಿ, 'ಚಿಹ್ನೆ ಮೊದಲು ತೆಗೆಯಬೇಕು' ಎಂದು ಮೂರೇ ಪದ. ಕೆಳಗೆ ತಾರೀಖು. ಆರು ವರ್ಷದ ಹಿಂದಿನದು.

"ಇದನ್ನ ಯಾರ್ರೀ ಮುಟ್ಟಿದ್ದು?" ದನಿ ಸಿಟ್ಟಿನಂತೆ ಹೊರಬಂತು.

ಕುಂಚ ನಿಂತಿತು. "ನಾನೇ ಸರ್."

"ನೀವಾ? ನಿಮಗೆ ಹೇಗೆ ಗೊತ್ತಾಯ್ತು ಇದು?"

"ಮೊದಲೇ ಗೊತ್ತಿತ್ತು ಸರ್. ಕೆಲಸಕ್ಕೆ ಸೇರಿದ ವಾರ ಸರಿ ಮಾಡಿದೆ. ಲ್ಯಾಬಿನ ಯಂತ್ರ ನನ್ನ ಜವಾಬ್ದಾರಿ ಅಂತ ಹೇಳಿದ್ರಲ್ಲ, ಅದಕ್ಕೆ." ಕೀಲಿಯೊಂದನ್ನು ಸಾಲಿನಲ್ಲಿಟ್ಟು, "ನಿಮ್ಮ ಲ್ಯಾಪ್‌ಟಾಪ್ ನಾನು ಮುಟ್ಟೋ ಹಾಗಿಲ್ಲ" ಎಂದಳು.

"ಆರು ವರ್ಷ! ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ದೆ ಸರ್."

"ಯಾವಾಗ?"

"ಸೇರೋಕೆ ಮುಂಚೆ. ಇಲ್ಲೇ ಓದ್ತಿದ್ದಾಗ. ಪ್ರಾಕ್ಟಿಕಲ್ ಪರೀಕ್ಷೆ ಆದ್ಮೇಲೆ, ಸ್ಟಾಫ್ ರೂಮಿಗೆ ಬಂದಿದ್ದೆ."

ಆಗ ಅದು ಮೇಲೆ ಬಂತು, ಪೂರ್ತಿಯಾಗಿ, ಲೋಟಗಳ ಸದ್ದಿನ ಸಮೇತ. ಒಂಬತ್ತು ವರ್ಷದ ಹಿಂದಿನ ಒಂದು ಸಂಜೆ. ನಾಲ್ಕೈದು ಜನ ಅಧ್ಯಾಪಕರು, ಚಹಾ. ಬಾಗಿಲಲ್ಲಿ ಒಂದು ಹುಡುಗಿ ಉತ್ತರಪತ್ರಿಕೆಯ ನಕಲನ್ನು ಎದೆಗೆ ಹಿಡಿದು ನಿಂತಿದ್ದಾಳೆ. ಪರೀಕ್ಷೆಯಲ್ಲಿ ಎಲ್ಲರೂ ಯಂತ್ರದಲ್ಲಿ ಮೂಡಿದ ಚಿತ್ರವನ್ನು ನೋಡಿ ಬರೆದಿದ್ದರೆ ಇವಳೊಬ್ಬಳು ಕೈವಾರ ಹಿಡಿದು ಬೇರೆಯೇ ವೃತ್ತಗಳನ್ನು ಎಳೆದಿದ್ದಳು. ಅವನ ಮಾದರಿ ಉತ್ತರವನ್ನೂ ಪ್ರೋಗ್ರಾಮೇ ಕೊಟ್ಟಿತ್ತು: ಮೊದಲ ಸಾಲಿನ ಹಗ್ಗ ಒಂದು. ಇವಳದು ಏಳು. ಆ ಪ್ರಶ್ನೆಯಲ್ಲಿ ಚುಕ್ಕೆಗಳು ಅದೃಷ್ಟಕ್ಕೆ ಚಿಕ್ಕ ವೃತ್ತದೊಳಗೇ ಬಿದ್ದಿದ್ದರಿಂದ ಯಾರಿಗೂ ಏನೂ ಕಂಡಿರಲಿಲ್ಲ. ಕೆಳಗೆ ಪೆನ್ಸಿಲಿನಲ್ಲಿ, ಪ್ರೋಗ್ರಾಮಿನ ವೃತ್ತ ಚಿಕ್ಕದಾಗಿದೆ, ದಯವಿಟ್ಟು ಪರಿಶೀಲಿಸಿ, ಎಂದೇನೋ ಬರೆದಿದ್ದಳು. ಅದನ್ನು ಓದಿ ಅವನಿಗೆ ಮೈ ಉರಿದಿತ್ತು. ಅಡ್ಡಗೆರೆ ಹೊಡೆದು ಮಡಚಿಟ್ಟಿದ್ದ. ಈಗ ಅವಳು ಬಾಗಿಲಲ್ಲಿ ನಿಂತು, ಸರ್, ನಾಲ್ಕು ಮತ್ತು ಮೈನಸ್ ಮೂರು, ಚಿಹ್ನೆ ಬಿಟ್ಟರೆ ಏಳಲ್ಲವಾ, ಎಂದು ಕೇಳುತ್ತಿದ್ದಾಳೆ. ಅವನು ಲೋಟ ಕೆಳಗಿಡದೆ, ಉಳಿದವರ ಕಡೆ ಒಮ್ಮೆ ನೋಡಿ, ಇಷ್ಟು ವರ್ಷ ಯಾರಿಗೂ ಕಾಣದ್ದು ನಿಮ್ಮ ಒಬ್ಬರ ಕಣ್ಣಿಗೇ ಕಂಡಿತಾ, ಮೊದಲು ಪುಸ್ತಕ ಓದೋದು ಕಲೀರಿ, ಆಮೇಲೆ ತಪ್ಪು ಹುಡುಕೋರಂತೆ, ಎಂದ. ಸಂಖ್ಯಾಶಾಸ್ತ್ರದವರು ಹ್ಹೆ ಹ್ಹೆ ಎಂದು ನಕ್ಕರು. ಅವನಿಗೆ ಚಹಾ ರುಚಿಯಾಗಿದ್ದು ಕೂಡ ನೆನಪಾಯಿತು. ನೆನಪಾಗದೆ ಇದ್ದದ್ದು ಒಂದೇ, ಬಾಗಿಲಲ್ಲಿದ್ದ ಮುಖ. ಅಲ್ಲಿ ಕಾಗದ ಇತ್ತು, ಕಾಗದ ಹಿಡಿದ ಬೆರಳುಗಳಿದ್ದವು. ಮುಖದ ಜಾಗದಲ್ಲಿ ಕಾರಿಡಾರಿನ ಬೆಳಕು.

"ನೀವೇ ಅಂತ ನನಗೆ ಗೊತ್ತಾಗ್ಲಿಲ್ಲ" ಎಂದ.

"ಮೊದಲ ವರ್ಷ, ನಾನು ಯಾರು ಅಂತ ಗೊತ್ತಿದ್ದೂ ಸುಮ್ಮನಿದ್ದೀರಿ ಅಂದ್ಕೊಂಡಿದ್ದೆ ಸರ್. ಆಮೇಲೆ ಗೊತ್ತಾಯ್ತು, ನಿಮಗೆ ಗೊತ್ತೇ ಇಲ್ಲ ಅಂತ." ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಯಾವ ಬೀರುವಿನ ಕೀಲಿ ಎಲ್ಲಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು.

"ಮತ್ತೆ ಒಂದ್ಸಲ ಹೇಳಬಹುದಿತ್ತಲ್ಲ."

"ಒಂದ್ಸಲ ಹೇಳಿದ್ದಕ್ಕೆ ಒಂದು ವರ್ಷ ಹೋಯ್ತು ಸರ್. ಪ್ರಾಕ್ಟಿಕಲ್ ಫೇಲು ಅಂದ್ರೆ ಡಿಗ್ರಿ ಇಲ್ಲ. ಮುಂದೆ ಓದೋಕೆ ಸೀಟು ಸಿಕ್ಕಿತ್ತು, ಅವ್ರು ಕಾಯ್ಲಿಲ್ಲ. ಎರಡನೇ ಸಲ ಹೇಳೋಕೆ ನನ್ನ ಹತ್ರ ಇನ್ನೊಂದು ವರ್ಷ ಇರ್ಲಿಲ್ಲ."

ಅವನು ಕೂತೇ ಇದ್ದ. ಏನಾದರೂ ಕೇಳಬೇಕೆಂದು, "ಹುಡುಗರು ಯಾರೂ ಕೇಳ್ಲಿಲ್ವಾ, ಕ್ಲಾಸಲ್ಲಿ ಒಂದು, ಲ್ಯಾಬಲ್ಲಿ ಒಂದು ಅಂತ?" ಎಂದ.

"ವರ್ಷಕ್ಕೆ ಒಬ್ರೋ ಇಬ್ರೋ ಕೇಳ್ತಾರೆ. ಕ್ಲಾಸಲ್ಲಿರೋದು ಹಳೇದು, ಇಲ್ಲಿರೋದನ್ನ ಬರ್ಕೊಳ್ಳಿ ಅಂತೀನಿ. ಸರ್ ಹತ್ರ ಹೇಳೋಕೆ ಹೋಗ್ಬೇಡಿ ಅಂತಾನೂ ಹೇಳ್ತೀನಿ."

ಹಾಗಾದರೆ ಆರು ವರ್ಷದಿಂದ ಪ್ರತಿ ತಂಡದಲ್ಲೂ ಒಬ್ಬಿಬ್ಬರು ತನ್ನ ಪಾಠ ಕೇಳುತ್ತ, ಹಸು ಎಲ್ಲಿರಬೇಕು ಎಂದಾಗ ವೃತ್ತದೊಳಗೆ ಎಂದು ಕೂಗುತ್ತ, ಒಳಗೊಳಗೇ ಗೊತ್ತಿದ್ದೂ ಸುಮ್ಮನಿದ್ದರು. ತನ್ನಿಂದ ಅವರನ್ನು ಕಾಪಾಡಲು ಒಬ್ಬಳು ಇಲ್ಲಿ ಕೂತಿದ್ದಳು. ಪಾಠ ಮಾಡುವವನಿಂದ ಪಾಠ ಕೇಳುವವರನ್ನು! "ತಪ್ಪಾಯ್ತು" ಎಂದ. ಆ ಪದ ಬಾಯಿಂದ ಹೊರಬಿದ್ದು ಅಲ್ಲೇ ಮೇಜಿನ ಮೇಲೆ, ಸಾಲಾಗಿಟ್ಟಿದ್ದ ಕೀಲಿಗಳ ಪಕ್ಕ, ಇನ್ನೊಂದು ಕೀಲಿಯಂತೆ ಬಿದ್ದುಕೊಂಡಿತು.

"ಪರವಾಗಿಲ್ಲ" ಎಂದು ಆಕೆ ಹೇಳಲಿಲ್ಲ. "ಸ್ವಲ್ಪ ಕುರ್ಚಿ ಸರಿಸ್ತೀರಾ ಸರ್, ಆ ಕೀಬೋರ್ಡೂ ಬಿಚ್ಚಬೇಕು" ಎಂದಳು. ಅವನು ಬಾಗಿಲ ತನಕ ಹೋದ ಮೇಲೆ, "ನನ್ನ ವಿಷಯ ಎಲ್ಲೂ ಎತ್ತಬೇಡಿ ಸರ್" ಎಂದಳು.

ಪ್ರಾಕ್ಟಿಕಲ್ಲಿಗೆ ನಿಲ್ಲದೆ ಅವನು ನೇರ ಪರೀಕ್ಷಾ ವಿಭಾಗಕ್ಕೆ ಹೋದ. ಅಲ್ಲಿನ ಗುಮಾಸ್ತ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡ. ತನಗೆ ಬೇಕಾಗಿದ್ದು ಏನು ಎಂದು ಕೇಳಲು ಹೋದವನಿಗೇ ಸ್ಪಷ್ಟವಿರಲಿಲ್ಲ. ಒಂದು ಅರ್ಜಿ, ಒಂದು ಮುದ್ರೆ, ಎಲ್ಲಾದರೂ ಒಂದು ಸಹಿ. "ಒಂಬತ್ತು ವರ್ಷದ್ದಾ? ಮೂರು ವರ್ಷಕ್ಕೇ ಪೇಪರ್ ಎಲ್ಲಾ ನಾಶ ಮಾಡ್ತೀವಿ ಸಾರ್" ಎಂದ ಗುಮಾಸ್ತ. "ಅಂಕ ತಿದ್ದೋದಿದ್ರೆ ಫಲಿತಾಂಶ ಬಂದ ತಿಂಗಳೊಳಗೆ ಹೇಳ್ಬೇಕಿತ್ತು. ಅಲ್ಲ, ಅವ್ರು ಆಮೇಲೆ ಪಾಸಾಗಿದಾರಲ್ಲ?"

"ಆಗಿದಾರೆ. ಒಂದು ವರ್ಷ ತಡವಾಗಿ."

"ಮತ್ತಿನ್ನೇನು? ಈಗ ನೀವು ಏನ್ ಮಾಡಿದ್ರೂ ಅವತ್ತು ಅವ್ರು ಫೇಲೇ ಸಾರ್."

ಸಂಜೆ ಹೆಂಡತಿ ಊಟಕ್ಕೆ ಬಡಿಸುವಾಗ ಹೇಳಿದ. ಆಕೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ, ಕಣ್ಣು ಪರೀಕ್ಷಿಸಿ ನಂಬರು ಬರೆಯುವುದು. ದಿನವಿಡೀ ಜನರ ಮುಖಗಳನ್ನು ಗೇಣು ದೂರದಿಂದ ನೋಡುವವಳು. ಮೂವತ್ತೊಂದನೆಯ ಸಾಲು, ಚಿಹ್ನೆ, ಹಗ್ಗ ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡು, "ಮನುಷ್ಯರು ಅಂದ್ಮೇಲೆ ತಪ್ಪಾಗುತ್ತೆ ಬಿಡಿ" ಎಂದಳು. ಆಮೇಲೆ ಅವನು ಲ್ಯಾಬಿನ ಮಾತು ಹೇಳಿದ. ಆಕೆಯ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆಯೇ ನಿಂತಿತು.

"ಆರು ವರ್ಷ ದಿನಾ ಬಂದು ಎದುರಿಗೆ ನಿಂತಿದಾರೆ. ನಿಮಗೆ ಗುರುತೇ ಹತ್ಲಿಲ್ವಾ?"

"ಬದಲಾಗಿರ್ತಾರೆ..."

"ಹೇಗಿದಾರೆ ಈಗ? ಹೇಳಿ ನೋಡೋಣ. ದುಂಡು ಮುಖಾನಾ, ಉದ್ದ ಮುಖಾನಾ? ಕನ್ನಡಕ ಇದೆಯಾ?"

ಅವನು ಯೋಚಿಸಿದ. ಇವತ್ತು ಮಧ್ಯಾಹ್ನ ಕಾಲು ಗಂಟೆ ಎದುರಿಗಿದ್ದು ಮಾತಾಡಿದ್ದಾನೆ. ಕುಂಚ ಹಿಡಿದ ಬೆರಳುಗಳು ಕಂಡವು, ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿ ಕಂಡಿತು, ಮೇಜಿನ ಮೇಲಿದ್ದ ನೀರಿನ ಬಾಟಲಿಯ ಹಸಿರು ಮುಚ್ಚಳ ಕೂಡ. ಅಪರಾಧ ಗೊತ್ತಾದ ಮೇಲೂ, ಕ್ಷಮೆ ಕೇಳುವಾಗಲೂ, ತಾನು ಮುಖ ನೋಡಿರಲಿಲ್ಲ. ಪ್ರೋಗ್ರಾಮಿನ ತಪ್ಪಿಗೆ ಬೆಳಗ್ಗೆ ಬೆಚ್ಚಿದ್ದು ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಅದು ಬರೆದ ಕೈ ಜಾರಿದ್ದು. ಇದು ಜಾರಿದ್ದಲ್ಲ, ದಿನಾ ಬೆಳಗ್ಗೆ, ಹೊಸದಾಗಿ, ಮಾಡುತ್ತ ಬಂದದ್ದು. ತಟ್ಟೆ ಎತ್ತುವಾಗ ಹೆಂಡತಿ ಅವನ ಮುಖವನ್ನು, ಅಂಗಡಿಗೆ ಬಂದ ಹೊಸಬರನ್ನು ನೋಡುವ ಹಾಗೆ, ಒಂದು ಕ್ಷಣ ನೋಡಿದಳು.

ಮರುದಿನ ಅವನು ಮೊದಲೇ ತರಗತಿಗೆ ಹೋಗಿ ಕುರ್ಚಿಯಲ್ಲಿ ಕೂತಿದ್ದ. ರಾತ್ರಿಯೆಲ್ಲ ಸಿದ್ಧಪಡಿಸಿಕೊಂಡ ವಾಕ್ಯಗಳು ಬೆಳಗಿನ ಬೆಳಕಿನಲ್ಲಿ ನಾಟಕದ ಮಾತಿನಂತೆ ಕಂಡು ಒಂದೊಂದಾಗಿ ಬಿಟ್ಟುಹೋಗಿದ್ದವು. ಹುಡುಗರು ತುಂಬಿದರು. ಆಕೆ ಬಂದಳು, ಪ್ರೊಜೆಕ್ಟರಿನ ಬೀಗ ತೆಗೆದಳು. ಅವನು ನೋಡಿದ. ಉದ್ದ ಮುಖ. ಕನ್ನಡಕವಿಲ್ಲ. ಎಡಹುಬ್ಬನ್ನು ಸೀಳಿದ ಹಾಗೆ ಹಳೆಯ ಗಾಯದ ಸಣ್ಣ ಗುರುತು. ಮೂವತ್ತು ದಾಟಿರಬಹುದು, ಕಿವಿಯ ಬಳಿ ಆಗಲೇ ಎರಡು ಬಿಳಿ ಕೂದಲು. ಇಷ್ಟು ಹೊತ್ತು ನೋಡುವುದು ಸಭ್ಯತೆಯಲ್ಲ ಎಂದು ಹೊಳೆದು ಕಣ್ಣು ಕೆಳಗಿಳಿಸಿದ. ಪ್ರೊಜೆಕ್ಟರು ಹತ್ತಿದ ಮೇಲೆ ದೀಪದ ಮಿಣುಕು ನಿಲ್ಲುವವರೆಗೆ ಒಂದೆರಡು ನಿಮಿಷ ಕಾಯಬೇಕು. ಆಕೆ ಬಾಗಿಲ ಪಕ್ಕ ನಿಂತಳು.

"ನಿನ್ನೆ ಒಂದು ಸುಳ್ಳು ಹೇಳಿದೆ" ಎಂದು ಅವನು ಶುರು ಮಾಡಿದ. "ಕಂಪ್ಯೂಟರಿನ ದೋಷ ಅಂದೆ. ಅಲ್ಲ. ದೋಷ ನಂದು. ಪ್ರೋಗ್ರಾಂ ಬರೆದಾಗ ಚಿಹ್ನೆ ತೆಗೆಯೋದಕ್ಕೆ ಮುಂಚೆ ಕೂಡಿಸಿಬಿಟ್ಟಿದ್ದೀನಿ. ಹದಿಮೂರು ವರ್ಷ ಅದನ್ನೇ ತೋರಿಸ್ತಾ ಬಂದೆ." ಪಟ್ಟಿಯ ಹುಡುಗಿಯ ಕಡೆ ತಿರುಗಿ, "ನೀವು ಕೇಳಿದ್ದು ಸರಿ ಇತ್ತು. ನಾನು ಆಡಿದ ಮಾತು ತಪ್ಪು" ಎಂದ. ಹುಡುಗಿ ಏನು ಮಾಡಬೇಕೋ ತಿಳಿಯದೆ ಪಟ್ಟಿಯ ಗಂಟನ್ನು ಸರಿಮಾಡಿಕೊಂಡಳು. ಅವನು ಮುಂದುವರಿಸಿದ. "ಇದನ್ನ ಮೊದಲು ಕಂಡುಹಿಡಿದಿದ್ದು ಇವರೂ ಅಲ್ಲ. ಒಂಬತ್ತು ವರ್ಷದ ಹಿಂದೆ ಈ ಕಾಲೇಜಿನ ಒಬ್ಬ ವಿದ್ಯಾರ್ಥಿನಿ ಕಂಡುಹಿಡಿದು, ಪರೀಕ್ಷೆಯ ಪೇಪರಿನಲ್ಲೇ ಬರೆದಿದ್ರು."

"ಹೌದಾ! ಅವ್ರಿಗೆ ಎಷ್ಟು ಮಾರ್ಕ್ಸ್ ಕೊಟ್ರಿ ಸರ್?" ಹಿಂದಿನಿಂದ ಯಾರೋ ಉತ್ಸಾಹದಿಂದ ಕೇಳಿದರು.

"ಸೊನ್ನೆ."

ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಅವನು ನಗದೆ ನಿಂತಿದ್ದನ್ನು ಮುಂದಿನ ಬೆಂಚಿನವರು ಮೊದಲು ಕಂಡರು. ನಗು ಮುಂದಿನಿಂದ ಹಿಂದಕ್ಕೆ ಬೆಂಚು ಬೆಂಚಾಗಿ ಆರುತ್ತ ಹೋಯಿತು.

"ಎರಡು" ಎಂದು ಬಾಗಿಲ ಕಡೆಯಿಂದ ದನಿ ಬಂತು.

ಅರವತ್ತು ತಲೆಗಳು ತಿರುಗಿದವು. ಆಕೆ ಕೈಯಲ್ಲಿ ಬೀಗದ ಕೈ ಹಿಡಿದು ನಿಂತಲ್ಲೇ ನಿಂತಿದ್ದಳು. "ಸೊನ್ನೆ ಅಲ್ಲ ಸರ್. ಇಪ್ಪತ್ತಕ್ಕೆ ಎರಡು. ಪ್ರಶ್ನೆಯನ್ನು ಅಂದವಾಗಿ ನಕಲು ಮಾಡಿಕೊಂಡಿದ್ದಕ್ಕೆ ಅಂತ ಪಕ್ಕದಲ್ಲಿ ಕೆಂಪು ಶಾಯೀಲಿ ಬರೆದಿದ್ರಿ."

ಅವನಿಗೆ ಅದು ನೆನಪಿರಲಿಲ್ಲ. ಈಗ ನೆನಪಾಯಿತು, ಬರೆಯುವಾಗ ತುಟಿಯಂಚಿನಲ್ಲಿ ಬಂದಿದ್ದ ನಗೆಯೂ. ಸೊನ್ನೆ ಎಂದು ಒಪ್ಪಿಕೊಂಡಾಗ, ಇದಕ್ಕಿಂತ ಕೀಳಾಗಿ ನಡೆದುಕೊಳ್ಳಲು ಸಾಧ್ಯವಿರಲಿಲ್ಲ ಎಂದು ಅವನು ನಂಬಿದ್ದ. ಸಾಧ್ಯವಿತ್ತು. ಮಾಡಿದ್ದ. ಮೇಜಿನ ಅಂಚನ್ನು ಹಿಡಿದುಕೊಂಡ.

"ಮೇಡಂ, ನೀವಾ?" ಪಟ್ಟಿಯ ಹುಡುಗಿ ಎದ್ದು ನಿಂತಿದ್ದಳು. "ನಿಮಗೆ ಹೇಗೆ ಗೊತ್ತಾಯ್ತು? ಆ ಪ್ರಶ್ನೇಲೂ ಚುಕ್ಕೆ ಹೊರಗಿತ್ತಾ?"

"ಇಲ್ಲ. ಒಳಗೇ ಇತ್ತು."

"ಮತ್ತೆ?"

ಆಕೆ ಅವನ ಕಡೆ ನೋಡಿದಳು. ಅಪ್ಪಣೆ ಕೇಳಿದ್ದಲ್ಲ, ಕರಿಹಲಗೆಯ ಮುಂದೆ ಅವನು ನಿಂತಿದ್ದ, ಅಷ್ಟೆ. ಅವನು ಕಟ್ಟೆಯಿಂದ ಇಳಿದ. ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಹದಿಮೂರು ವರ್ಷದಲ್ಲಿ ಈ ಕೋಣೆಯ ಬೇರೆ ಯಾವ ಜಾಗದಲ್ಲೂ ನಿಂತು ಗೊತ್ತಿರಲಿಲ್ಲ. ಗೋಡೆಗೆ ಒರಗಿದ. ಆಕೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಸೀಮೆಸುಣ್ಣದ ತುಂಡೊಂದನ್ನು ಆರಿಸಿಕೊಂಡು, ಹತ್ತು, ನಾಲ್ಕು, ಮೈನಸ್ ಮೂರು ಎಂದು ಒಂದು ಸಾಲು ಬರೆದಳು. "ಉತ್ತರ ಸರಿ ಬಂತು ಅಂತ ದಾರಿ ಸರಿ ಇರ್ಬೇಕು ಅಂತೇನಿಲ್ಲ" ಎಂದಳು. "ನಾನು ಚುಕ್ಕೆ ನೋಡ್ಲೇ ಇಲ್ಲ. ಹಗ್ಗ ಅಳೆದೆ. ಮೈನಸ್ ಅಂದ್ರೆ ಹಗ್ಗ ಗಿಡ್ಡ ಆಗೋದಲ್ಲ, ಇನ್ನೊಂದು ದಿಕ್ಕಿಗೆ ಎಳೆಯೋದು. ಎಳೆತ ಎಳೆತಾನೇ. ಈ ಕಡೆ ನಾಲ್ಕು, ಆ ಕಡೆ ಮೂರು. ಹಾಗಾದ್ರೆ ಹಸು ಎಷ್ಟು ದೂರ ಹೋಗ್ಬಹುದು, ಅತಿ ಹೆಚ್ಚು ಅಂದ್ರೆ?" ದೊಡ್ಡ ವೃತ್ತವೊಂದನ್ನು, ಭುಜದಿಂದಲೇ ಕೈ ಬೀಸಿ, ಒಂದೇ ಸಲಕ್ಕೆ ಎಳೆದಳು, ತುದಿಗೆ ತುದಿ ಸರಿಯಾಗಿ ಕೂಡಿತು.

ಯಾರೂ ಕೂಗಲಿಲ್ಲ. ಬರೆಯುತ್ತಿದ್ದರು. ಅರವತ್ತು ಪೆನ್ನುಗಳು ಕಾಗದದ ಮೇಲೆ ಓಡುವ ಸರಸರ ಸದ್ದು ಕೋಣೆ ತುಂಬ ಎದ್ದಿತ್ತು. ಆ ಸದ್ದು ಏನೆಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವನ ಪಾಠದಲ್ಲಿ ಹುಡುಗರು ಕೂಗುತ್ತಿದ್ದರು, ನಗುತ್ತಿದ್ದರು. ಹೀಗೆ ಬಗ್ಗಿ ಬರೆದದ್ದಿಲ್ಲ. ಒಂದು ವರ್ಷ ಎಂದುಕೊಂಡಿದ್ದ ಅವನು, ನಿನ್ನೆಯಿಂದ ಇಲ್ಲಿಯವರೆಗೆ. ಆಕೆಯ ಒಂದು ವರ್ಷ ಹೋಯಿತು ಎಂದು. ಹೋದದ್ದು ಅದಲ್ಲ. ಹೋದದ್ದು ಇದು, ಈ ಕೈ, ಹಲಗೆಯ ಮುಂದೆ ಈ ನಿಲುವು, ಒಂಬತ್ತು ವರ್ಷದ ಬೆಳಗುಗಳಲ್ಲಿ ಎಲ್ಲೆಲ್ಲೋ ತುಂಬಿ ಕೂತಿರಬಹುದಾಗಿದ್ದ ತರಗತಿಗಳು. ಗೋಡೆಯ ತಂಪು ಅಂಗಿಯೊಳಗೆ ಇಳಿಯುತ್ತಿತ್ತು.

"ಇಷ್ಟೇ" ಎಂದು ಆಕೆ ಸೀಮೆಸುಣ್ಣ ಕೆಳಗಿಟ್ಟಳು.

"ಇನ್ನೊಂದು ಮಾಡಿ ಮೇಡಂ" ಎಂದಿತು ಎರಡನೇ ಬೆಂಚು.

ಆಕೆ ಬಾಗಿಲ ಕಡೆ ನೋಡಿದಳು, ಲ್ಯಾಬು ತೆರೆದಿಟ್ಟು ಬಂದಿದ್ದಳು. ಆಮೇಲೆ ಹಲಗೆಯ ಕಡೆ ನೋಡಿದಳು. ಅಷ್ಟು ಹೊತ್ತಿಗೆ ಅವನು ಗೋಡೆ ಬಿಟ್ಟು, ಮುಂದಿನ ಬೆಂಚಿನ ಹುಡುಗನೊಬ್ಬ ಸರಿದು ಮಾಡಿಕೊಟ್ಟ ಗೇಣು ಜಾಗದಲ್ಲಿ ಮುದುಡಿ ಕೂತು, ಪಕ್ಕದವನನ್ನು ಒಂದು ಹಾಳೆ ಕೇಳುತ್ತಿದ್ದ.